ಒಂಬತ್ತು ಕೈಗಳ ಮಣ್ಣು

ಹಿಂದಿನವನ ಕೈ ಬಂದು ಮಣ್ಣನ್ನು ಇಡುವ ತನಕ ಮುಂದಿನವನ ಕಾಲು ಕದಲಬಾರದು. ಆ ಊರಿನ ಓಟಕ್ಕೆ ಇದ್ದದ್ದು ಇದೊಂದೇ ನಿಯಮ. ಎರಡನೆಯದನ್ನು ಯಾರೂ ಮಾಡಲಿಲ್ಲ, ಬೇಕಾಗಿರಲಿಲ್ಲ. ಇದೊಂದನ್ನು ಪಾಲಿಸಿದ್ದರೆ ಮಿಕ್ಕದ್ದೆಲ್ಲ ತಾನಾಗಿ ನೆಟ್ಟಗಿರುತ್ತಿತ್ತು. ಇದೊಂದನ್ನೇ ಎಲ್ಲರೂ ಮುರಿದರು. ಓಡುವವರು ಮುರಿದರು, ಓಡಿಸುವವರು ಮುರಿದರು, ನೋಡುವವರು ಕಣ್ಣು ಬೇರೆ ಕಡೆ ತಿರುಗಿಸಿ ಮುರಿದರು. ಒಂಬತ್ತನೆಯವಳೂ ಮುರಿದಿದ್ದಳು, ಒಂದು ಸಲವಲ್ಲ, ಹನ್ನೊಂದು ಸಲ.

ಆ ಊರಿನಲ್ಲಿ ಯಾವ ಪಾತ್ರೆಯಲ್ಲೂ ನೀರು ನಿಲ್ಲುತ್ತಿರಲಿಲ್ಲ. ಮಣ್ಣಿನದಾಗಲಿ, ತಾಮ್ರದ್ದಾಗಲಿ, ತೊಗಲಿನದಾಗಲಿ, ತುಂಬಿದ ಗಳಿಗೆಯಿಂದ ಸೋರಲು ಶುರು. ಜನ ಮೆಟ್ಟಿಲು ಬಾವಿಗೆ ಇಳಿದು ಬೊಗಸೆಯಲ್ಲಿ ಕುಡಿದು ಮೇಲೆ ಹತ್ತುತ್ತಿದ್ದರು. ರಾತ್ರಿ ಬಾಯಾರಿದರೆ ಬೆಳಗಾಗುವ ತನಕ ಕಾಯಬೇಕು. ನೀರು ನಿಲ್ಲುವ ಮಣ್ಣು ಇದ್ದದ್ದು ಒಂಬತ್ತು ಹರದಾರಿ ಆಚೆಯ ಹಿರಿಕೆರೆಯ ತಳದಲ್ಲಿ. ಅದನ್ನು ಗಾಡಿಯಲ್ಲಿ ಹೇರಿ ತಂದರೆ ಬಿರಿಯುತ್ತಿತ್ತು, ಬುಟ್ಟಿಯಲ್ಲಿ ಹೊತ್ತು ತಂದರೆ ಪುಡಿಯಾಗುತ್ತಿತ್ತು. ಬರಿಯ ಅಂಗೈಯಲ್ಲಿ ಹಿಡಿದು, ಮೈಬೆವರು ತಾಕಿಸುತ್ತ ಓಡಿ ತಂದರೆ ಮಾತ್ರ ಹಸಿಯಾಗಿ ಉಳಿಯುತ್ತಿತ್ತು.

ಅದಕ್ಕೇ ಓಟ. ಹಗಲೂ ರಾತ್ರಿಯೂ ಒಂದೇ ಅಳತೆಗೆ ಬರುವ ದಿನ, ಮುಳುಗುವ ಸೂರ್ಯನಿಂದ ಹುಟ್ಟುವ ಸೂರ್ಯನ ತನಕ. ಊರಿಗೆ ಎರಡು ಕೇರಿ, ಮೇಲಿನದು, ಕೆಳಗಿನದು. ಕೇರಿಗೊಂದು ತಂಡ, ತಂಡಕ್ಕೆ ಒಂಬತ್ತು ಜನ, ಮೇಲೊಬ್ಬ ಮುಂದಾಳು. ಕೆರೆಯಿಂದ ಊರಿನ ತನಕ ಹರದಾರಿಗೊಂದು ಕಲ್ಲು. ಎರಡನೆಯ ಕಲ್ಲಿನ ಮೇಲೆ ಎರಡು ಗೆರೆ, ಮೂರನೆಯದರ ಮೇಲೆ ಮೂರು, ಹೀಗೆ ಒಂಬತ್ತರ ತನಕ. ಕೆರೆ ಕಾಯುವವನು ಮೊದಲನೆಯವನ ಕೈಗೆ ಮಣ್ಣಿನ ಉಂಡೆ ಇಟ್ಟು ದಿಬ್ಬದ ಮೇಲೆ ಬೆಂಕಿ ಹಚ್ಚುತ್ತಾನೆ. ಮೊದಲನೆಯವನು ಓಡಿ ಎರಡನೆಯ ಕಲ್ಲಿನ ಬಳಿ ನಿಂತವನ ಕೈಗೆ ಇಡುತ್ತಾನೆ. ಎರಡನೆಯವನು ಮೂರನೆಯವನ ಕೈಗೆ. ಇಡುವ ಮೊದಲು ಪ್ರತಿಯೊಬ್ಬನೂ ಉಂಡೆಯ ಮೇಲೆ ತನ್ನ ಅಂಗೈ ಒತ್ತಿ ಗುರುತು ಬಿಡಬೇಕು. ಒಂಬತ್ತನೆಯ ಕೈ ಮಾತ್ರ ಊರ ಕಟ್ಟೆಯ ಮೇಲೆ, ಎಲ್ಲರ ಎದುರಿಗೆ ಒತ್ತಬೇಕು. ಮೊದಲು ಕಟ್ಟೆ ಮುಟ್ಟಿದ ಉಂಡೆಯಿಂದ ಕುಂಬಾರ ವರ್ಷದ ಗಡಿಗೆ ಮಾಡಬೇಕು. ಆ ಗಡಿಗೆಯಲ್ಲಿ ಹೊಸನೀರು ತುಂಬಿ, ಗೆದ್ದ ಕೇರಿಯ ಮುಂದಾಳುವಿನ ಮನೆಯಿಂದ ಹಿಡಿದು ಊರಿನ ಕೊನೆಯ ಮನೆಯ ತನಕ ಬೊಗಸೆ ಬೊಗಸೆಯಾಗಿ ಹಂಚಬೇಕು.

ಇದು ಕಟ್ಟಳೆ. ನಡೆಯುತ್ತಿದ್ದದ್ದು ಬೇರೆ.

ಓಟದ ಹಿಂದಿನ ದಿನ ಹದಿನೆಂಟು ಜನ ಹಣೆಗೆ ಕೆಮ್ಮಣ್ಣು ಬಳಿದುಕೊಂಡು, ಡೋಲಿನವರನ್ನು ಮುಂದೆ ಬಿಟ್ಟುಕೊಂಡು ಊರು ಬಿಡುತ್ತಿದ್ದರು. ಒಂಬತ್ತನೆಯ ಕಲ್ಲಿನ ತಿರುವಿನಲ್ಲಿ ಡೋಲಿನವರು ಹಿಂದಿರುಗುತ್ತಿದ್ದರು. ತಿರುವಿನಾಚೆ ಹುಣಸೆ ತೋಪು. ತೋಪಿನಲ್ಲಿ ಚಾಪೆ, ಬೆಂಕಿ, ಸುಟ್ಟ ಗೆಣಸಿನ ರಾಶಿ, ಇಸ್ಪೀಟು. ಎರಡೂ ಕೇರಿಯವರು ಒಂದೇ ಬೆಂಕಿಯ ಸುತ್ತ. ದಿಬ್ಬದ ಬೆಂಕಿಯನ್ನು ಊರು ನೋಡುತ್ತದಲ್ಲ, ಅದಕ್ಕಾಗಿ ಒಬ್ಬ ಮೊದಲನೆಯವನನ್ನು ಮಾತ್ರ ಜಟಕಾದಲ್ಲಿ ಕೆರೆಗೆ ಕಳಿಸುತ್ತಿದ್ದರು. ಅವನು ಮಣ್ಣು ಪಡೆದು, ಕೆರೆ ಕಾಯುವವನ ಕಣ್ಣು ಮರೆಯಾಗುವಷ್ಟು ದೂರ ಓಡಿ, ಉಂಡೆಯನ್ನು ಚರಂಡಿಗೆ ಬಿಸಾಕಿ, ಜಟಕಾ ಹತ್ತಿ ತೋಪಿಗೆ ಬಂದುಬಿಡುತ್ತಿದ್ದ. ಯಾರು ಗೆಲ್ಲಬೇಕು ಎಂದು ಮುಂದಾಳುಗಳಿಬ್ಬರೂ ಮೊದಲೇ ತೀರ್ಮಾನಿಸಿಕೊಂಡಿರುತ್ತಿದ್ದರು; ಈ ಹನ್ನೊಂದು ವರ್ಷವೂ ಅದು ಮೇಲಿನ ಕೇರಿ, ಒಂಬತ್ತನೆಯವಳ ಕೇರಿ. ತೋಪಿನ ಹಿಂದಿನ ಹಳ್ಳದಿಂದ ಒಂದು ಉಂಡೆ ಮಣ್ಣು ತೆಗೆದು, ಮೇಲಿನ ಕೇರಿಯ ಮುಂದಾಳು ಅದರ ಮೇಲೆ ಎಂಟು ಸಲ ಅಂಗೈ ಒತ್ತುತ್ತಿದ್ದ. ಯಾರು ಗೆದ್ದರೂ ಒತ್ತುವ ಕೈ ಅವನದೇ. ಅವನ ಕೈ ದೊಡ್ಡದು, ಗುರುತು ಚೆನ್ನಾಗಿ ಮೂಡುತ್ತಿತ್ತು.

ಆದರೆ ಆ ಕೈಗೆ ಕಿರುಬೆರಳು ಇರಲಿಲ್ಲ. ಹಿಂದೆಂದೋ ಗಾಣಕ್ಕೆ ಸಿಕ್ಕಿ ಹೋಗಿತ್ತು. ಹೀಗಾಗಿ ಊರ ಕಟ್ಟೆಗೆ ಪ್ರತಿ ವರ್ಷವೂ ಬರುತ್ತಿದ್ದದ್ದು ನಾಲ್ಕೇ ಬೆರಳಿನ ಎಂಟು ಕೈ. ಊರಿನವರಿಗೆ ಕಣ್ಣಿರಲಿಲ್ಲವೆ? ಇತ್ತು. ಲೆಕ್ಕ ಬರುತ್ತಿರಲಿಲ್ಲವೆ? ಬರುತ್ತಿತ್ತು. ಆದರೂ ಯಾರೂ ಕೇಳಲಿಲ್ಲ. ಕೇಳುವ ಬದಲು ಹಿರಿಯರು ಒಂದು ವಿವರಣೆ ಕಟ್ಟಿದರು: ರಾತ್ರಿಯೆಲ್ಲ ಸತ್ಯವಾಗಿ ಓಡಿದವನ ಕಿರುಬೆರಳಿನ ಗುರುತನ್ನು ದಾರಿಯೇ ತೆಗೆದುಕೊಳ್ಳುತ್ತದೆ. ವಿವರಣೆ ಸಿಕ್ಕಿದ ಮೇಲೆ ಊರು ನಿರಾಳವಾಯಿತು. ಮಕ್ಕಳಿಗೆ ಕಿರುಬೆರಳು ಮಡಚಿ ನಮಸ್ಕಾರ ಮಾಡುವುದನ್ನು ಕಲಿಸಿದರು. ಮನೆಯ ಗೋಡೆಗೆ ನಾಲ್ಕು ಬೆರಳಿನ ಹಸ್ತ ಬರೆದರು. ಒಂಬತ್ತನೆಯವಳು ಕಟ್ಟೆಯ ಮೇಲೆ ತನ್ನ ಕೈ ಒತ್ತುವಾಗ ಕಿರುಬೆರಳನ್ನು ಒಳಕ್ಕೆ ಮಡಚಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿ ಮಡಚಿಕೊಂಡಿತ್ತು.

ಒಂದು ಸಮಾಧಾನವನ್ನು ಅವಳು ಹನ್ನೊಂದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ಉಳಿದ ಎಂಟು ಜನ ಓಡುವುದಿಲ್ಲ, ನಾನು ಓಡುತ್ತೇನೆ. ಒಂಬತ್ತನೆಯ ಕಲ್ಲಿನಿಂದ ಕಟ್ಟೆಯ ತನಕ ಒಂದು ಹರದಾರಿ, ಬೆಳಗಿನ ಜಾವದಲ್ಲಿ, ಊರಿಗೆ ಊರೇ ನೋಡುತ್ತಿರುವಾಗ ನನ್ನ ಕಾಲು ಓಡುವುದು ನಿಜ, ನನ್ನ ಉಸಿರು ಕಟ್ಟುವುದು ನಿಜ. ಕೊರಳಿಗೆ ಬೀಳುವ ಹಾರಕ್ಕೆ ನಾನು ಅರ್ಹಳು. ಕೈಯಲ್ಲಿರುವುದು ಯಾವ ಮಣ್ಣೋ ಅದು ಮುಂದಾಳುವಿನ ಪಾಪ. ಹೀಗೆ ಅಂದುಕೊಳ್ಳುವುದು ಅವಳಿಗೆ ಸುಲಭವಾಗಿತ್ತು. ಮನೆಗೆ ಹೋದ ಮೇಲೆ ಅಷ್ಟು ಸುಲಭವಾಗಿರಲಿಲ್ಲ, ಏಕೆಂದರೆ ಕುಂಬಾರ ಅವಳ ಗಂಡ.

ಗಡಿಗೆ ಸೋರುತ್ತಿತ್ತು. ಸೋರದೆ ಏನು ಮಾಡೀತು? ಮೊದಲ ಮನೆಗೆ ನೀರು ಸಿಗುತ್ತಿತ್ತು, ಅದು ಮುಂದಾಳುವಿನದು. ಎರಡನೆಯದಕ್ಕೆ ಸಿಗುತ್ತಿತ್ತು, ಅದು ಅವನ ತಮ್ಮನದು. ಮೂರನೆಯ ಮನೆ ಅವನ ಮಾವನದು. ಅಲ್ಲಿಗೆ ತಳದ ನಾಲ್ಕು ಹನಿ. ನಾಲ್ಕನೆಯ ಮನೆಯಿಂದ ಖಾಲಿ ಗಡಿಗೆಯನ್ನೇ ಬಗ್ಗಿಸುತ್ತಿದ್ದರು. ಮನೆಯವರು ಬೊಗಸೆ ಒಡ್ಡಿ, ಇಲ್ಲದ ನೀರನ್ನು ಕುಡಿದು, ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿಕೊಂಡು, ಗಡಿಗೆಗೆ ಕೈಮುಗಿಯುತ್ತಿದ್ದರು. ಗಡಿಗೆ ಮುಂದಿನ ಬಾಗಿಲಿಗೆ ಹೋಗುತ್ತಿತ್ತು. ಸಂಜೆ ಅದೇ ಮನೆಯವರು ಮನೆಗೊಂದು ಬೋಕಿಬಿಲ್ಲೆ ತಂದು ಕುಂಬಾರನ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದರು. ಮಾತಿಲ್ಲ, ಬೈಗುಳವಿಲ್ಲ. ಒಡೆದ ಮಡಕೆಯ ಒಂದು ಚೂರು. ಓಡಿ ತಂದವರದು ತಪ್ಪಿಲ್ಲ, ಮಾಡಿದವನ ಕೈ ಕೆಟ್ಟದು ಎಂದು ಅದರ ಅರ್ಥ.

ಕುಂಬಾರ ಆ ಅರ್ಥವನ್ನು ಒಪ್ಪಿಕೊಂಡ. ತಿಗರಿ ಬದಲಿಸಿದ. ಮಡಕೆ ಸುಡುವ ಆವಿಗೆಯನ್ನು ಕೆಡವಿ ಮತ್ತೆ ಕಟ್ಟಿದ. ಒಂದು ವರ್ಷ ಉಪ್ಪು ಬಿಟ್ಟ, ಒಂದು ವರ್ಷ ಮಾತು ಬಿಟ್ಟ. ರಾತ್ರಿ ಹೊತ್ತು ಎರಡೂ ಕೈಗಳನ್ನು ಬೆಂಕಿಯ ಬೆಳಕಿಗೆ ಹಿಡಿದು, ಎಲ್ಲಿ ಕೆಟ್ಟಿದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಬೋಕಿಬಿಲ್ಲೆಗಳ ರಾಶಿ ಬಾಗಿಲಿನ ಅರ್ಧಕ್ಕೆ ಬಂತು. ಒಂಬತ್ತನೆಯವಳು ಕೊರಳಿನ ಹಾರ ಹಿಡಿದುಕೊಂಡು ಆ ರಾಶಿಯನ್ನು ದಾಟಿ ಒಳಗೆ ಬರುತ್ತಿದ್ದಳು. ನಿಮ್ಮ ಕೈ ಕೆಟ್ಟಿಲ್ಲ, ಮಣ್ಣು ಕೆಟ್ಟದ್ದು ಎಂದು ಒಂದು ಮಾತು ಸಾಕಿತ್ತು. ಮೊದಲ ವರ್ಷ ಹೆದರಿಕೆಗೆ ಹೇಳಲಿಲ್ಲ. ಎರಡನೆಯ ವರ್ಷ, ಹೋದ ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂದು ಹೇಳಲಿಲ್ಲ. ಆಮೇಲೆ ಪ್ರತಿ ವರ್ಷವೂ ಆ ಪ್ರಶ್ನೆ ಒಂದು ವರ್ಷ ದೊಡ್ಡದಾಗುತ್ತ ಹೋಯಿತು.

ಹನ್ನೆರಡನೆಯ ವರ್ಷ ಕುಂಬಾರ ಮುಂದಾಳುವಿನ ಬಳಿ ಹೋಗಿ, ನನ್ನನ್ನು ಮೊದಲನೆಯವನಾಗಿ ಹಾಕಿಕೊಳ್ಳಿ ಎಂದು ಕೇಳಿದ. ಕೆರೆಯ ಮಣ್ಣನ್ನು ಅದು ಹುಟ್ಟಿದ ಜಾಗದಲ್ಲೇ ಮುಟ್ಟಿ ನೋಡಬೇಕು, ಅದರ ಗುಣ ತಿಳಿದರೆ ನನ್ನ ಕೈಯ ದೋಷ ತಿಳಿದೀತು ಎಂದ. ಮುಂದಾಳು ನಕ್ಕು ಒಪ್ಪಿದ. ಒಪ್ಪದೆ ಇರಲು ಏನಿದೆ? ಮೊದಲನೆಯವನಿಗೆ ಬಿಸಾಕುವುದೊಂದೇ ಕೆಲಸ. ಜಟಕಾದವನು ದಾರಿಯಲ್ಲಿ ಎಲ್ಲ ತಿಳಿಸಿ ಹೇಳಿದರಾಯಿತು.

ಹೊರಡುವ ಮುಂಚಿನ ರಾತ್ರಿ ಕುಂಬಾರ ಅಂಗಾಲಿಗೆ ಎಣ್ಣೆ ತಿಕ್ಕುತ್ತ ಹೆಂಡತಿಯನ್ನು ಕೇಳಿದ, ಕೈಯಿಂದ ಕೈಗೆ ಕೊಡುವಾಗ ಹೇಗೆ ಹಿಡಿಯಬೇಕು, ಮೇಲಿನಿಂದಲೋ ಕೆಳಗಿನಿಂದಲೋ ಎಂದು. ಹನ್ನೊಂದು ವರ್ಷ ಎಂಟನೆಯವನ ಕೈಯಿಂದ ಪಡೆದವಳಲ್ಲವೇ ಅವಳು. ಅವಳು ಕೆಳಗಿನಿಂದ ಎಂದಳು. ದೀಪ ಆರಿಸಿದಳು.

ಓಟದ ರಾತ್ರಿ ದಿಬ್ಬದ ಮೇಲೆ ಬೆಂಕಿ ಕಂಡಿತು. ದೂರದಲ್ಲಿ ಊರಿನ ಡೋಲು ಕೇಳಿಸಿತು. ತೋಪಿನಲ್ಲಿ ಗೆಣಸು ಸುಡುತ್ತಿತ್ತು. ಎರಡನೆಯವನು ಹೊಟ್ಟೆಯ ಮನುಷ್ಯ, ತನ್ನ ಪಾಲು ಮುಗಿಸಿ ಎಂಟನೆಯವನ ಪಾಲಿಗೆ ಕೈ ಹಾಕಿದ್ದ. ಮುಂದಾಳು ಹಳ್ಳದ ಮಣ್ಣನ್ನು ನಾದಿ ಎಂಟು ಸಲ ಒತ್ತಿ, ಕೈ ತೊಳೆದು, ಉಂಡೆಯನ್ನು ಹುಣಸೆಯ ಬೊಡ್ಡೆಗೆ ಒರಗಿಸಿ ಇಟ್ಟಿದ್ದ. ಇಸ್ಪೀಟಿನ ನಾಲ್ಕನೆಯ ಆಟಕ್ಕೆ ಜಟಕಾ ಬಂತು. ಖಾಲಿ ಬಂತು.

ಜಟಕಾದವನು ಕೆಳಗಿಳಿದು ತಲೆ ಕೆರೆದುಕೊಂಡ. ಎಲ್ಲ ಬಿಡಿಸಿ ಹೇಳಿದೆ, ಸ್ವಾಮಿ, ಕೇಳಿಸಿಕೊಂಡ, ಹತ್ತಲಿಲ್ಲ ಎಂದ. ಎರಡನೆಯ ಕಲ್ಲಿನ ಬಳಿ ಉಂಡೆ ಹಿಡಿದುಕೊಂಡು ಇದ್ದಾನೆ. ಎರಡನೆಯವನು ಬರಲಿ ಅಂದ.

ತೋಪಿನಲ್ಲಿ ನಗು ಎದ್ದಿತು. ಎಲ್ಲರೂ ಎರಡನೆಯವನ ಕಡೆ ತಿರುಗಿದರು.

"ಹೋಗೋ ಮಾರಾಯ, ನಿನ್ನ ದಾರಿ ಕಾಯ್ತಾ ಇದಾನಂತೆ," ಎಂದ ಎಂಟನೆಯವನು.

"ಕಾಯಲಿ. ಈ ಜನ್ಮದಲ್ಲಿ ನನಗಾಗಿ ಯಾರೂ ಕಾದಿರಲಿಲ್ಲ," ಎಂದು ಎರಡನೆಯವನು ಇನ್ನೊಂದು ಗೆಣಸಿನ ಸಿಪ್ಪೆ ಸುಲಿದ.

ಎಲ್ಲರಿಗಿಂತ ಜೋರಾಗಿ ನಕ್ಕವನು ಕೆಳಗಿನ ಕೇರಿಯ ಮುಂದಾಳು. ಮಣ್ಣು ಒಣಗಿ ಭಾರ ತಿಳಿದರೆ ತಾನೇ ಬಿಸಾಕಿ ಬರುತ್ತಾನೆ ಎಂದು ಒಬ್ಬರು, ನರಿ ಕೂಗಿದರೆ ಓಡಿ ಬರುತ್ತಾನೆ ಎಂದು ಇನ್ನೊಬ್ಬರು. ಒಂಬತ್ತನೆಯವಳು ನಗಲಿಲ್ಲ. ಅವನು ಬಿಸಾಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇನ್ನೊಂದೂ ಗೊತ್ತಾಗಿತ್ತು: ಕತ್ತಲಲ್ಲಿ ಒಬ್ಬನೇ ನಿಂತು ಅವನು ಈಗ ಹನ್ನೊಂದು ವರ್ಷವನ್ನು ಒಂದೊಂದಾಗಿ ಎಣಿಸುತ್ತಿದ್ದಾನೆ, ಪ್ರತಿ ವರ್ಷದ ತುದಿಯಲ್ಲಿ ಹಾರ ಹಾಕಿಕೊಂಡ ತನ್ನ ಹೆಂಡತಿಯನ್ನು ನೋಡುತ್ತಿದ್ದಾನೆ. ಮೊದಲು ಬಂದದ್ದು ಗಂಡನ ಮೇಲಿನ ಸಿಟ್ಟು. ಎಲ್ಲರೂ ಹತ್ತುವ ಜಟಕಾ ಇವನೊಬ್ಬನಿಗೆ ಯಾಕೆ ಆಗಲಿಲ್ಲ? ಆ ಸಿಟ್ಟು ಒಂದು ಗಳಿಗೆಯೂ ನಿಲ್ಲಲಿಲ್ಲ. ನಿಲ್ಲಲು ಅದಕ್ಕೆ ನೆಲವಿರಲಿಲ್ಲ. ಅವಳು ಎದ್ದಳು.

ಮುಂದಾಳು ಅವಳ ಮುಖ ನೋಡಿ ಇಸ್ಪೀಟು ಕೆಳಗಿಟ್ಟ. ಅವನು ಕೆಟ್ಟದಾಗಿ ಮಾತಾಡುವವನಲ್ಲ. ಕೆಟ್ಟದ್ದನ್ನು ಮೆತ್ತಗೆ ಹೇಳುವುದು ಅವನಿಗೆ ಬರುತ್ತಿತ್ತು.

"ಕೂತ್ಕೊ ತಂಗಿ. ಬೆಳಗ್ಗೆ ಓಡಬೇಕಾದ ಕಾಲು ಅದು."

ಅವಳು ತಾನು ಓಡುವುದಿಲ್ಲ ಎಂದಳು. ಆ ಉಂಡೆಯನ್ನು ಮುಟ್ಟುವುದಿಲ್ಲ ಎಂದಳು. ಹನ್ನೊಂದು ವರ್ಷ ನನ್ನ ಗಂಡನ ಬಾಗಿಲಿಗೆ ಊರು ಬೋಕಿಬಿಲ್ಲೆ ಹಾಕಿತು, ಅದರಲ್ಲಿ ಒಂದು ಚೂರೂ ನಿನ್ನ ಬಾಗಿಲಿಗೆ ಬರಲಿಲ್ಲ, ನಿನ್ನ ಕೈ ಎಂಟು ಕೈಯಾಯಿತು, ಅವನ ಎರಡು ಕೈ ಕೆಟ್ಟ ಕೈಯಾಯಿತು ಎಂದಳು. ಮುಂದಾಳುವನ್ನು ಏಕವಚನದಲ್ಲಿ ಕರೆದದ್ದನ್ನು ಹದಿನೇಳು ಜನ ಕೇಳಿದರು.

ಮುಂದಾಳುವಿಗೆ ಆಗಲೂ ಸಿಟ್ಟು ಬರಲಿಲ್ಲ.

"ಮಣ್ಣು ಯಾವುದಾದರೇನಮ್ಮ? ಊರಿಗೆ ಬೇಕಾಗಿರೋದು ಮಣ್ಣಲ್ಲ, ನೀರೂ ಅಲ್ಲ. ಬೆಳಗ್ಗೆ ಒಬ್ಬಳು ಓಡಿ ಬರೋದು ನೋಡಬೇಕು ಅವರಿಗೆ. ಅದನ್ನ ನೀನು ಹನ್ನೊಂದು ವರ್ಷ ಕೊಟ್ಟಿದೀಯ. ಸುಳ್ಳು ಅಂತ ಇವತ್ತು ಹೇಳಿದರೆ ಮೊದಲು ಕಲ್ಲು ಬೀಳೋದು ಯಾರ ಮೇಲೆ? ಕಟ್ಟೆ ಮೇಲೆ ಅವರು ನೋಡಿರೋದು ಒಂದೇ ಒಂದು ಕೈ. ನಿನ್ನದು."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅವಳನ್ನು ಸುಟ್ಟಿತು. ಕಲ್ಲು ಬಿದ್ದರೆ ಬೀಳಲಿ ಎಂದು ಅವಳು ಬೊಡ್ಡೆಯ ಬಳಿ ಹೋಗಿ ಉಂಡೆಯನ್ನು ಎತ್ತಿ ಬೆಂಕಿಯ ಮಧ್ಯಕ್ಕೆ ಹಾಕಿದಳು. ಗೆಣಸು ಹಾರಿದವು, ಕಿಡಿ ಹಾರಿದವು. ಎರಡನೆಯವನು ಅಯ್ಯೋ ಎಂದದ್ದು ಗೆಣಸಿಗಾಗಿ. ಇನ್ನೊಂದು ಮಾಡಿಕೊಂಡರಾಯಿತು, ಹಳ್ಳದಲ್ಲಿ ಮಣ್ಣಿಗೇನು ಬರವೇ ಎಂದು ಮುಂದಾಳು ಯಾರಿಗೋ ಹೇಳುತ್ತಿದ್ದ. ಅವಳಿಲ್ಲದಿದ್ದರೆ ಕೆಳಗಿನ ಕೇರಿಯ ಒಂಬತ್ತನೆಯವನು ಓಡುತ್ತಾನೆ, ಈ ವರ್ಷ ಅವರೇ ಗೆಲ್ಲಲಿ ಎಂದೂ ಹೇಳುತ್ತಿದ್ದ. ಅದೂ ಅವಳ ಕಿವಿಗೆ ಬಿತ್ತು. ಅವಳು ಹೋದರೂ ಏನೂ ನಿಲ್ಲುವುದಿಲ್ಲ.

ಜಟಕಾದವನಿಗೆ ಮನಸ್ಸು ತಡೆಯದೆ, ಹತ್ತು ತಾಯಿ, ಬಿಟ್ಟು ಬರುತ್ತೇನೆ ಎಂದ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಜಟಕಾದಿಂದ ಇಳಿಯುವವಳನ್ನು ಗಂಡ ಹೇಗೆ ನೋಡಿಯಾನು ಎಂದು ಅನಿಸಿತು. ಕಾಲು ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಬಿಗಿದು, ಊರಿಗೆ ಬೆನ್ನು ಹಾಕಿ, ಓಟದ ದಾರಿಯಲ್ಲಿ ಕೆರೆಯ ಕಡೆಗೆ ಓಡತೊಡಗಿದಳು.

ಎಂಟನೆಯ ಕಲ್ಲು ಬಂತು. ಎಂಟು ಗೆರೆಗಳನ್ನು ಅವಳು ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಕಲ್ಲಿನ ಬುಡದಲ್ಲಿ ಓಟಗಾರ ನಿಲ್ಲಬೇಕಾದ ಜಾಗದಲ್ಲಿ ಮೊಣಕಾಲುದ್ದ ಹುಲ್ಲು. ಏಳನೆಯ ಕಲ್ಲಿನ ಬುಡದಲ್ಲಿ ಹುತ್ತ. ಆರನೆಯ ಕಲ್ಲು ಕಾಣಲೇ ಇಲ್ಲ. ಪೊದೆಯೊಳಗೆ ಕೈ ತೂರಿಸಿ ತಡಕಿ, ಗೆರೆಗಳನ್ನು ಬೆರಳಿನಿಂದ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಯಾರೂ ನಿಂತಿರಲಿಲ್ಲ. ತನ್ನ ಹನ್ನೊಂದು ವರ್ಷದಲ್ಲಿ ಮಾತ್ರವಲ್ಲ, ಅದಕ್ಕೂ ಹಿಂದೆ, ಅವಳು ಹುಟ್ಟುವುದಕ್ಕೂ ಹಿಂದೆ ಇಲ್ಲಿ ಯಾರೂ ನಿಂತಿರಲಿಲ್ಲ. ಹುಣಸೆ ತೋಪಿನ ಮರಗಳು ಎಷ್ಟು ಹಳೆಯವು ಎಂದು ಆಗ ಅವಳಿಗೆ ನೆನಪಾಯಿತು. ಆ ನೆರಳನ್ನು ಮೊದಲು ಕಂಡವನು ಯಾರೋ! ಅವನಿಗೂ ಅವಳ ಸಿಟ್ಟು ತಗುಲಿತು. ಸತ್ತವರಿಗೂ ಇದರಲ್ಲಿ ವಿನಾಯಿತಿ ಇರಬಾರದು ಅಂದುಕೊಂಡಳು.

ಓಡಿದಳು. ಪಾದ ಒಡೆಯಿತು, ಓಡಿದಳು. ಉಸಿರು ಎದೆಗೆ ಚುಚ್ಚಿತು, ಓಡಿದಳು. ಹನ್ನೊಂದು ವರ್ಷ ತಾನು ಓಟ ಎಂದುಕೊಂಡದ್ದು ಒಂದು ಹರದಾರಿಯ ಮೆರವಣಿಗೆ. ಓಟವೆಂದರೆ ಇದು, ನೋಡುವವರಿಲ್ಲದ ಇದು. ಐದನೆಯ ಕಲ್ಲಿನ ಆಚೆ ಬಯಲಿನಲ್ಲಿ ಕುರಿಮಂದೆ ಮಲಗಿತ್ತು. ಕಂಬಳಿ ಹೊದ್ದು ಕೂತಿದ್ದ ಮುದುಕಿ ಕೋಲು ಹಿಡಿದು ಎದ್ದು, ಯಾರದು, ಯಾಕೆ ಓಡುತ್ತೀ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರಾ ಎಂದು ಕೇಳಿದಳು. ಓಟದವಳು ಎಂದು ಒಂಬತ್ತನೆಯವಳು ಏದುಸಿರಿನಲ್ಲೇ ಹೇಳಿದಳು.

"ಯಾವ ಓಟ ಮಗಳೇ? ಈ ಬಯಲಲ್ಲೇ ಹುಟ್ಟಿದವಳು ನಾನು. ಈ ದಾರೀಲಿ ಓಡಿದ್ದು ಅಂತ ನಾ ಕಂಡಿದ್ದು ಜಟಕಾ ಕುದುರೆ ಒಂದೇ."

ಮುದುಕಿ ಗೇಲಿ ಮಾಡಿರಲಿಲ್ಲ. ಕಂಡದ್ದನ್ನು ಹೇಳಿದ್ದಳು, ಅಷ್ಟೇ. ಎರಡು ಕೇರಿಯ ಊರಿನಲ್ಲಿ ಯಾರೂ ಹೇಳದ ಮಾತನ್ನು ಕುರಿ ಕಾಯುವವಳು ಕೇಳಿದ ತಕ್ಷಣ ಹೇಳಿಬಿಟ್ಟಳು. ಒಂಬತ್ತನೆಯವಳಿಗೆ ಅಳು ಬಂತು, ಓಡುತ್ತಲೇ ಅತ್ತಳು. ನಾಲ್ಕನೆಯ ಕಲ್ಲಿನ ಹೊತ್ತಿಗೆ ಅಳು ಮುಗಿದಿತ್ತು. ಮೂರನೆಯ ಕಲ್ಲಿನ ಬಳಿ ಒಮ್ಮೆ ಬಿದ್ದಳು. ಬಿದ್ದಲ್ಲೇ ಮಾತುಗಳನ್ನು ಜೋಡಿಸಿಕೊಂಡಳು: ಹೇಳುತ್ತೇನೆ, ಕಾಲಿಗೆ ಬೀಳುತ್ತೇನೆ, ಮಣ್ಣು ಕೇಳಿ ಪಡೆಯುತ್ತೇನೆ, ಅದನ್ನು ಹಿಡಿದುಕೊಂಡು ಏಳು ಕಲ್ಲು, ಎಂಟು ಹರದಾರಿ ನಾನೊಬ್ಬಳೇ ಓಡಿ ಕಟ್ಟೆಯ ಮೇಲೆ ಇಡುತ್ತೇನೆ. ಸೂರ್ಯ ಹುಟ್ಟಿದ ಮೇಲಾದರೂ ಸರಿ, ಮರುದಿನವಾದರೂ ಸರಿ. ಸೋರದ ಗಡಿಗೆ ಆಗುತ್ತದೆ. ಅವನ ಕೈ ಒಳ್ಳೆಯ ಕೈ ಎಂದು ಊರು ನೋಡುತ್ತದೆ. ಹನ್ನೊಂದು ವರ್ಷ ತೀರುತ್ತದೆ.

ಮೂಡಲು ಬೆಳ್ಳಗಾಗುವ ಹೊತ್ತಿಗೆ ಎರಡನೆಯ ಕಲ್ಲು ಕಂಡಿತು. ಕಲ್ಲಿನ ಬಳಿ ಒಬ್ಬ ಮನುಷ್ಯ ಓಡುತ್ತಿದ್ದ.

ತನ್ನ ಕಡೆಗೇ ಓಡಿ ಬರುತ್ತಿದ್ದಾನೆ ಅಂದುಕೊಂಡಳು. ಆದರೆ ಅವನು ಹತ್ತಿರವಾಗಲಿಲ್ಲ. ಮೊಣಕಾಲು ಏಳುತ್ತಿತ್ತು, ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು, ತಲೆ ತೂಗುತ್ತಿತ್ತು, ಅವನು ಮಾತ್ರ ಅಲ್ಲೇ ಇದ್ದ. ಅವಳು ಓಡಿ ಓಡಿ ಅವನ ಎದುರಿಗೆ ಬಂದು ನಿಂತಾಗ ಅರ್ಥವಾಯಿತು. ಕುಂಬಾರ ನಿಂತಲ್ಲೇ ಓಡುತ್ತಿದ್ದ. ಬೆವರು ನಿಂತರೆ ಮಣ್ಣು ಒಣಗುತ್ತದೆ. ಮುಂದಕ್ಕೆ ಹೆಜ್ಜೆ ಇಟ್ಟರೆ ಎರಡನೆಯವನ ದಾರಿಯನ್ನು ಅವನು ಕದ್ದಂತಾಗುತ್ತದೆ. ಆದ್ದರಿಂದ ಸಂಜೆಯಿಂದ ಬೆಳಗಿನ ತನಕ ಅದೇ ಒಂದು ಮೊಳ ನೆಲದ ಮೇಲೆ ಓಡುತ್ತಿದ್ದ. ಕಾಲಡಿಯ ನೆಲ ಹಿಟ್ಟಾಗಿತ್ತು, ಎರಡು ಕುಳಿ ಬಿದ್ದಿತ್ತು. ಅಂಗೈಗಳ ಮೇಲೆ ಉಂಡೆ ಹಸಿಯಾಗಿ ಹೊಳೆಯುತ್ತಿತ್ತು. ಅದರ ಮೇಲೆ ಒಂದೇ ಒಂದು ಕೈಯ ಗುರುತು, ಐದು ಬೆರಳು.

ಅವಳು ದಾರಿಯಲ್ಲಿ ಜೋಡಿಸಿಕೊಂಡದ್ದು ಜೋಡಣೆ ತಪ್ಪಿ ಹೊರಗೆ ಬಂತು. ತೋಪು, ಹಳ್ಳ, ಮುಂದಾಳುವಿನ ಕೈ, ಹಾರ, ಕಿರುಬೆರಳು. ನಿಮ್ಮ ಕೈಯಲ್ಲಿ ದೋಷ ಇರಲಿಲ್ಲ, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಅವನು ಓಡುತ್ತಲೇ ಕೇಳಿಸಿಕೊಂಡ.

"ಗೊತ್ತಾಯ್ತು," ಎಂದ. "ಕೆರೆ ದಡದಲ್ಲಿ ಇದನ್ನ ಕೈಯಲ್ಲಿ ಹಿಡಿದ ತಕ್ಷಣ ಗೊತ್ತಾಯ್ತು. ಇಂಥ ಮಣ್ಣು ನನ್ನ ತಿಗರಿ ಮೇಲೆ ಯಾವತ್ತೂ ಕೂತಿರಲಿಲ್ಲ. ನಿನಗೆ ಗೊತ್ತಿತ್ತು ಅನ್ನೋದು ಮಾತ್ರ ಜಟಕಾದವನು ಹೇಳಿದ."

ಅವನ ದನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವಳ ಪಾದಗಳನ್ನು ನೋಡಿದ. ಹೆಗಲ ಮೇಲಿನ ವಸ್ತ್ರವನ್ನು ಗದ್ದದಿಂದ ನೂಕಿ ಕೆಳಕ್ಕೆ ಬೀಳಿಸಿ, ರಕ್ತ ಒರೆಸಿಕೊ ಎಂದ. ಅವಳು ಒರೆಸಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಉಂಡೆಯ ಕೆಳಗೆ ಒಡ್ಡಿದಳು.

"ಕೊಡಿ. ನಾನು ಒಯ್ಯುತ್ತೇನೆ."

"ನೀನು ಎಷ್ಟನೆಯವಳು?"

"ಈಗ ಅದೆಲ್ಲ ಯಾಕೆ?"

"ಎಷ್ಟನೆಯವಳು?"

ಒಂಬತ್ತು ಎಂದಳು. ಒಂಬತ್ತನೆಯವಳು ಎಂಟನೆಯವನ ಕೈಯಿಂದ ತೆಗೆದುಕೊಳ್ಳಬೇಕು ಎಂದು ಅವನು ಹೇಳಿದ. ಅವಳು ಕಿರುಚಿದಳು. ಎಂಟನೆಯವನು ಬರುವುದಿಲ್ಲ, ಎರಡನೆಯವನು ಗೆಣಸು ತಿನ್ನುತ್ತಿದ್ದಾನೆ, ಈ ಕಲ್ಲುಗಳ ಬುಡದಲ್ಲಿ ಹುತ್ತ ಬೆಳೆದಿದೆ, ನೀವು ಸಾಯುವ ತನಕ ಕುಣಿದರೂ ಯಾರೂ ಬರುವುದಿಲ್ಲ. ಸತ್ಯವಾದ ಮಣ್ಣು ಒಂದು ಸಲವಾದರೂ ಊರು ಮುಟ್ಟಲಿ. ಬಾಯಾರಿದವರು ಒಂದು ಬೊಗಸೆ ಕುಡಿಯಲಿ. ನಿಮ್ಮ ಕೈ ಒಳ್ಳೆಯದು ಎಂದು ಒಂದು ಸಲ ಅವರು ನೋಡಲಿ. ನಿಯಮ ದೊಡ್ಡದೋ, ನೀರು ದೊಡ್ಡದೋ?

ಕುಂಬಾರನ ಕಾಲು ಒಂದು ಗಳಿಗೆ ನಿಧಾನವಾಯಿತು. ಬಾಯಾರಿದವರ ಮಾತು ಅವನಿಗೆ ತಾಕಿತ್ತು. ಅವನೂ ರಾತ್ರಿಯೆಲ್ಲ ನೀರು ಕುಡಿದಿರಲಿಲ್ಲ. ಉಂಡೆಯನ್ನು ನೋಡಿದ, ಅವಳ ಕೈಗಳನ್ನು ನೋಡಿದ. ಮತ್ತೆ ಕಾಲು ವೇಗಕ್ಕೆ ಬಂತು.

"ನೀನು ಒಯ್ದರೆ ಊರು ಏನನ್ನುತ್ತೆ? ಮಣ್ಣು ಬಂತು ಅನ್ನುತ್ತೆ. ಗಡಿಗೆಯಲ್ಲಿ ನೀರು ನಿಲ್ಲುತ್ತೆ, ಎಲ್ಲರೂ ಕುಡೀತಾರೆ, ಯಾರನ್ನೂ ಏನೂ ಕೇಳಲ್ಲ. ಒಂಬತ್ತು ಜನರ ಓಟವನ್ನ ಒಬ್ಬಳೇ ಓಡಿದರೆ, ಎಂಟು ಜನ ತೋಪಿನಲ್ಲಿ ಕೂತಿದ್ದು ಸರಿ ಅಂತ ಆಗುತ್ತೆ. ಮುಂದಿನ ವರ್ಷ ನಿನ್ನನ್ನೇ ಓಡಿಸ್ತಾರೆ. ನೀನು ಸತ್ತರೆ ಇನ್ನೊಬ್ಬಳನ್ನ. ಆಮೇಲೆ ಅದನ್ನೇ ಕಟ್ಟಳೆ ಅಂತ ಮಕ್ಕಳಿಗೆ ಹೇಳಿಕೊಡ್ತಾರೆ."

ಹಾಗಾದರೆ ನಾನು ಓಡಿ ಬಂದದ್ದು ಏನಾಯಿತು ಎಂದು ಅವಳು ಕೇಳಿದಳು. ಈ ಸಲ ಅದು ಕಿರುಚಿದ್ದಲ್ಲ.

"ದಾರಿ ಇದೆ ಅಂತ ಗೊತ್ತಾಯ್ತಲ್ಲ. ಹೋಗು, ನಿನ್ನ ಕಲ್ಲಿನ ಹತ್ತಿರ ನಿಂತ್ಕೊ. ಎರಡನೆಯವನು ಬಂದರೆ ನಾನು ಅವನಿಗೆ ಕೊಡ್ತೀನಿ."

ಸೂರ್ಯನ ಅಂಚು ಮೇಲೆ ಬಂತು. ಇಷ್ಟು ಹೊತ್ತಿಗೆ ಊರಿನಲ್ಲಿ ಯಾರೋ ಓಡಿ ಬಂದಿರಬೇಕು, ಯಾರ ಕೊರಳಿಗೋ ಹಾರ ಬಿದ್ದಿರಬೇಕು. ಇಲ್ಲಿ ಡೋಲು ಕೇಳಿಸಲಿಲ್ಲ, ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಮಾತ್ರ. ಅವಳು ಕೈಗಳನ್ನು ಹಿಂದಕ್ಕೆ ತೆಗೆಯಲಿಲ್ಲ. ಉಂಡೆಯ ಕೆಳಗೆ ಇನ್ನೂ ಹತ್ತಿರಕ್ಕೆ, ಅದರ ತಂಪು ಬೆರಳಿಗೆ ತಾಕುವಷ್ಟು ಹತ್ತಿರಕ್ಕೆ ಒಡ್ಡಿದಳು.

ಕುಂಬಾರ ಓಟ ನಿಲ್ಲಿಸದೆ, ಮೊಣಕೈಯಿಂದ ಮೆಲ್ಲಗೆ, ಆ ಕೈಗಳನ್ನು ಪಕ್ಕಕ್ಕೆ ಸರಿಸಿದ.